ಮಾಸ್ತರ ನಾಲ್ಕನೇ ಕೋರ್

ನಮ್ಮ ಆಫೀಸಿನಲ್ಲಿದ್ದ ಒಂದೇ ಒಂದು ಕೂಲರ್ ಏಳು ಬೇಸಿಗೆ ಮನುಷ್ಯರಿಗೆ ಗಾಳಿ ಹಾಕಲಿಲ್ಲ, ಕಂಪ್ಯೂಟರಿಗೆ ಹಾಕಿತು. ರಾಣೆಬೆನ್ನೂರಿನ ಏಪ್ರಿಲ್ ತಿಂಗಳು ಎಂದರೆ ಏನೆಂದು ಅಲ್ಲಿ ಕಳೆದವರಿಗೇ ಗೊತ್ತು. ತಗಡಿನ ಛಾವಣಿಯ ಕೆಳಗೆ ನಾವು ಐದು ಜನ ಅಂಗಿ ಬೆನ್ನಿಗೆ ಅಂಟಿಸಿಕೊಂಡು ಕೂತಿರುತ್ತಿದ್ದೆವು. ಮೂಲೆಯಲ್ಲಿ ಪಕ್ಕದ ಮುಚ್ಚಳ ಬಿಚ್ಚಿಸಿಕೊಂಡು ನಿಂತ ಹಳೆಯ ಸಿಪಿಯು ಮಾತ್ರ ತಂಪಾಗಿ ಗುಂಯ್‌ಗುಡುತ್ತಿತ್ತು. ನಾನು ಮ್ಯಾನೇಜರು. ಕೂಲರನ್ನು ಈ ಕಡೆ ತಿರುಗಿಸಿ ಎಂದು ಹೇಳುವ ಹಕ್ಕು ನನಗಿತ್ತು. ಹೇಳಿದೆ ಕೂಡ, ಎಷ್ಟೋ ಸಲ.

"ಸಾಹೇಬ್ರ, ನಿಮಗ ಬೆವರು ಬಂದ್ರ ಟವೆಲ್ ಐತಿ. ಅದಕ್ಕೇನೈತ್ರಿ?" ಎನ್ನುತ್ತಿದ್ದರು ಮಾಸ್ತರು.

ಹೋದ ತಿಂಗಳು ಅವರು ತೀರಿಕೊಂಡರು. ಆಫೀಸಿನಲ್ಲಿ ಫೋಟೋಕ್ಕೆ ಹಾರ ಹಾಕಿ, ಎರಡು ಮಾತಾಡ್ರಿ ಎಂದು ನನ್ನನ್ನು ನಿಲ್ಲಿಸಿದರು. ಬಾಯಿಗೆ ಬಂದದ್ದೆಲ್ಲ ಬೈಗುಳವೇ. ಅದನ್ನು ನುಂಗಿಕೊಂಡು, ಸರಳ ಜೀವಿ, ಕೆಲಸದಲ್ಲಿ ಶ್ರದ್ಧೆ ಇತ್ತು ಎಂದು ಹೇಳಿ ಕೂತುಬಿಟ್ಟೆ. ಅದು ಸುಳ್ಳಲ್ಲ. ಆದರೆ ಆ ಮಾತನ್ನು ಯಾರ ಫೋಟೋದ ಮುಂದೆ ನಿಂತರೂ ಹೇಳಬಹುದು.

ಅವರು ಶಾಲೆಯ ಮಾಸ್ತರಲ್ಲ. ಒಂದು ಕಾಲಕ್ಕೆ ಹಾವೇರಿಯಲ್ಲಿ ಕೋರ್ಟಿನ ಹತ್ತಿರ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದರು. ಕಂಪ್ಯೂಟರುಗಳು ಬಂದವು, ಕ್ಲಾಸು ಮುಚ್ಚಿತು. ಬೇರೆಯವರಾಗಿದ್ದರೆ ಕಂಪ್ಯೂಟರನ್ನು ಶಪಿಸುತ್ತ ಕೂಡುತ್ತಿದ್ದರು. ಇವರು ತಮ್ಮ ಅನ್ನ ಕಸಿದುಕೊಂಡ ಪೆಟ್ಟಿಗೆಯೊಳಗೆ ಅಂಥದ್ದೇನಿದೆ ನೋಡೇಬಿಡೋಣ ಎಂದು ಸ್ಕ್ರೂಡ್ರೈವರ್ ಹಿಡಿದರು. ಆಮೇಲೆ ಅದನ್ನು ಕೆಳಗಿಡಲೇ ಇಲ್ಲ. ನಮ್ಮದು ತರಕಾರಿಯ ಹೈಬ್ರಿಡ್ ಬೀಜದ ಸಣ್ಣ ಕಂಪನಿ. ಲೇಬಲ್ ಮುದ್ರಿಸುವುದಕ್ಕೆ, ಬೀಜದ ಪರೀಕ್ಷೆಯ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವುದಕ್ಕೆ ಒಬ್ಬರು ಬೇಕಾಗಿತ್ತು. ಮಾಲಕರು ಅವರನ್ನು ಕರೆದುಕೊಂಡು ಬಂದು ನನ್ನ ಕೊರಳಿಗೆ ಕಟ್ಟಿದರು.

ಪ್ರೊಸೆಸರ್ ಎನ್ನುವುದು ಇಷ್ಟೇ ವೇಗದಲ್ಲಿ ಓಡಬೇಕು ಎಂದು ಅದನ್ನು ಮಾಡಿದವರು ಗೊತ್ತುಮಾಡಿ ಕಳಿಸಿರುತ್ತಾರೆ. ಇದಕ್ಕೆ ಮಾಸ್ತರ ಒಪ್ಪಿಗೆ ಇರಲಿಲ್ಲ. ಕಂಪ್ಯೂಟರ್ ಚಾಲೂ ಆಗುವಾಗ ಒಂದು ಗುಂಡಿ ಒತ್ತಿ, ಬಯಾಸ್ ಎನ್ನುವ ನೀಲಿ ಪರದೆಗೆ ಹೋಗಿ, ಅಲ್ಲಿಯ ಒಂದೆರಡು ಅಂಕಿ ಏರಿಸಿ, "ಈಗ ಓಡ್ಲಿ ನೋಡೂಣು" ಎಂದು ಕೈಕಟ್ಟಿ ಕೂಡುತ್ತಿದ್ದರು. ಓಡಿದರೆ ಇನ್ನಷ್ಟು ಏರಿಸುವುದು. ಓಡದೆ ನಿಂತರೆ ಒಳಗಿನ ದುಂಡು ಸೆಲ್ ಕಿತ್ತು, ಐದು ನಿಮಿಷ ಬಿಟ್ಟು ಹಾಕಿ, ಮತ್ತೆ ಮೊದಲಿನಿಂದ. ಹಿಂದಿನ ಕಾಲದ ಪ್ರೊಸೆಸರುಗಳಲ್ಲಿ ಕಡಿದ ಸಣ್ಣ ಗೆರೆಗಳಿರುತ್ತಿದ್ದವಂತೆ, ಅವನ್ನು ಪೆನ್ಸಿಲಿನಿಂದ ತಿದ್ದಿ ಜೋಡಿಸಿದರೆ ವೇಗದ ಬೀಗ ತೆರೆಯುತ್ತಿತ್ತಂತೆ. ಆ ದಿನಗಳ ನೆನಪಿಗೆ ಅಂಗಿಯ ಕಿಸೆಯಲ್ಲಿ ಯಾವಾಗಲೂ ಒಂದು ಚೂಪು ಪೆನ್ಸಿಲ್ ಇಟ್ಟುಕೊಂಡಿರುತ್ತಿದ್ದರು. ಅರ್ಜೆಂಟಿಗೆ ಕೇಳಿದರೆ ಕೊಡುತ್ತಿರಲಿಲ್ಲ. "ಅದು ಬರಿಯೂದಕ್ಕಲ್ರಿ" ಎನ್ನುತ್ತಿದ್ದರು. ಮತ್ಯಾತಕ್ಕೆ ಎಂದು ಕೇಳುವ ತಪ್ಪನ್ನು ನಾನು ಒಂದೇ ಸಲ ಮಾಡಿದೆ. ಮುಕ್ಕಾಲು ತಾಸು ಹೋಯಿತು.

ಒಂದು ದಿನ ಕೂತು ಲೆಕ್ಕ ಹಾಕಿದೆ. ಸಾವಿರ ಲೇಬಲ್ ಸಿದ್ಧವಾಗುವುದಕ್ಕೆ ಮೊದಲು ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು, ಮಾಸ್ತರು ವೇಗ ಏರಿಸಿದ ಮೇಲೆ ಹದಿನಾರು. ಆ ನಾಲ್ಕು ನಿಮಿಷ ಉಳಿಸುವುದಕ್ಕೆ ಅವರು ಎರಡು ದಿನ ಕಂಪ್ಯೂಟರ್ ಬಿಚ್ಚಿಟ್ಟುಕೊಂಡು ಕೂತಿದ್ದರು. ಇದನ್ನು ಅವರ ಮುಂದೆ ಹೇಳಿದರೆ ನನ್ನನ್ನು ಕನಿಕರದಿಂದ ನೋಡಿದರು. ಮರುದಿನ ಬಂದವರೇ, ನಮಸ್ಕಾರ ಇಲ್ಲ ಏನಿಲ್ಲ, "ಮೂರೂವರಿ ದಾಟ್ತು ಸಾಹೇಬ್ರ" ಎಂದರು. ಮೂರೂವರೆ ಏನು? ಗಿಗಾಹರ್ಟ್ಸ್. ಬೆಳಗಿನ ಚಹಾ ಹೊತ್ತಿನಲ್ಲಿ ನನಗೆ ಅದು ಯಾಕೆ ಬೇಕಾಗಿತ್ತು?

ಬ್ಯಾಡಗಿಯ ಪ್ರಕರಣ ನೆನೆಸಿಕೊಂಡರೆ ಈಗಲೂ ಕಣ್ಣು ಉರಿಯುತ್ತದೆ. ಅಲ್ಲಿ ನಮ್ಮ ಮಾಲಕರ ಪರಿಚಯದ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿದ್ದರು. ಟೆಂಡರ್ ದಿನ ಮಧ್ಯಾಹ್ನದೊಳಗೆ ಕಂಪ್ಯೂಟರಿನಲ್ಲಿ ದರ ಹಾಕಬೇಕು, ಇವರ ಕಂಪ್ಯೂಟರ್ ತೆವಳುತ್ತದೆ ಎಂದು ಗೋಳಾಡಿದರು. ಮಾಸ್ತರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಮುಚ್ಚಳ ಬಿಚ್ಚಿದರೆ ಒಳಗಿನ ಫ್ಯಾನೇ ಕಾಣದಷ್ಟು ಕೆಂಪು ಧೂಳು. ಹೊರಗೆ ಬಯಲಿಗೆ ಒಯ್ಯೋಣ ಎಂದೆ. "ಎರಡು ನಿಮಿಷದ ಕೆಲಸ್ರಿ" ಎಂದು ತಮ್ಮ ಬ್ಲೋವರ್ ಹಚ್ಚಿಯೇಬಿಟ್ಟರು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎನ್ನುವವರು ಆ ಹೊತ್ತಿನಲ್ಲಿ ಆ ಅಂಗಡಿಯಲ್ಲಿ ಇರಬೇಕಾಗಿತ್ತು. ಹಮಾಲರು, ಗುಮಾಸ್ತರು, ಮಾಲು ತಂದ ರೈತರು ಎಲ್ಲರೂ ಕೆಮ್ಮುತ್ತ ರಸ್ತೆಗೆ ಓಡಿದರು. ಎದುರಿನ ಅಂಗಡಿಯವರೂ ಶಟರ್ ಎಳೆದರು. ಹುಟ್ಟಿದಾಗಿನಿಂದ ಮೆಣಸಿನಕಾಯಿಯ ನಡುವೆಯೇ ಬೆಳೆದ ಆ ವ್ಯಾಪಾರಿ ಕಣ್ಣು ಬಿಡುವ ಹೊತ್ತಿಗೆ ದರ ಹಾಕುವ ವೇಳೆ ಮುಗಿದಿತ್ತು. ಆ ಕೆಂಪು ಮೋಡದ ನಡುವಿನಿಂದ ಮಾಸ್ತರ ದನಿಯೊಂದು ಬಂತು. "ಸಾಹೇಬ್ರ! ಎಂಟು ಡಿಗ್ರಿ ಇಳೀತ್ರಿ!"

ನಾನು ಅವರನ್ನು ಅಲ್ಲಿಯೇ ಬಿಟ್ಟು ಬರಬೇಕಾಗಿತ್ತು. ಬಿಡಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಹಿಂದಿನಿಂದ ನನ್ನ ಕಿವಿಗೆ ಫ್ಯಾನಿನ ವಿಷಯವೇ.

ಇಷ್ಟಾದರೂ ಸಹಿಸಬಹುದಾಗಿತ್ತು. ಸಹಿಸಲಾಗದ್ದು ಶುರುವಾದದ್ದು ನಾಲ್ಕನೇ ಕೋರಿನಿಂದ. ಕೋರ್ ಎಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಭಾಗ. ನಮ್ಮ ಕಂಪ್ಯೂಟರಿನಲ್ಲಿ ಮೂರಿದ್ದವು. ಮಾಸ್ತರು ಹೇಳಿದ್ದು ಹೀಗೆ. ಕಂಪನಿಯವರು ಮಾಡುವಾಗ ನಾಲ್ಕೇ ಮಾಡುತ್ತಾರೆ. ಪರೀಕ್ಷೆಯಲ್ಲಿ ಒಂದು ಸರಿಯಾಗಿ ನಡೆಯದಿದ್ದರೆ ಅದಕ್ಕೆ ಬೀಗ ಹಾಕಿ, ಮೂರು ಕೋರಿನದು ಎಂದು ಕಡಿಮೆ ದರಕ್ಕೆ ಮಾರುತ್ತಾರೆ. ಆದರೆ ಕಡಿಮೆ ದರದ್ದಕ್ಕೇ ಗಿರಾಕಿ ಜಾಸ್ತಿಯಾದಾಗ, ನಾಲ್ಕೂ ಚೆನ್ನಾಗಿದ್ದರೂ ಒಂದಕ್ಕೆ ಬೀಗ ಹಾಕಿ ಕಳಿಸುವುದುಂಟು.

"ನಾಕು ಕ್ವಾಣಿ ಮನಿ ಕಟ್ಟಿ, ಒಂದಕ್ಕ ಕೀಲಿ ಹಾಕಿ, ಮೂರು ಕ್ವಾಣಿ ಮನಿ ಅಂತ ಕೊಟ್ಟಾರ್ರಿ. ನಾವು ಮೂರರಾಗ ಇಕ್ಕಟ್ಟಿನ್ಯಾಗ ಕುಂತೇವಿ. ಕೀಲಿ ತಗೀಬೇಕೋ ಬ್ಯಾಡೋ?"

"ಆ ಕ್ವಾಣಿ ಸೋರ್ತಿದ್ರ?" ಎಂದೆ.

"ಸೋರಂಗಿಲ್ರಿ. ನನಗ ಗೊತ್ತೈತಿ."

ಹೇಗೆ ಗೊತ್ತು? ಕಂಪ್ಯೂಟರಿನ ತಗಡಿಗೆ ಕಿವಿ ಹಚ್ಚಿ ಕೇಳಿದ್ದರಂತೆ. ಬಯಾಸಿನಲ್ಲಿ ಒಂದು ಸಾಲು ಬದಲಿಸಿದರು. ಕಂಪ್ಯೂಟರ್ ಎದ್ದಾಗ ಮೂರರ ಜಾಗದಲ್ಲಿ ನಾಲ್ಕು ಎಂದು ತೋರಿಸಿತು. ಆ ಮಧ್ಯಾಹ್ನ ತಮ್ಮ ದುಡ್ಡಿನಲ್ಲಿ ಎಲ್ಲರಿಗೂ ಮಿರ್ಚಿ ಭಜಿ ತರಿಸಿದರು. ನಾನೂ ಎರಡು ತಿಂದೆ, ಅದಕ್ಕಾಗಿ ಇವತ್ತಿಗೂ ನಾಚಿಕೆಯಿದೆ.

ಇದಾಗಿ ಕೆಲವು ವಾರಕ್ಕೆ ಟೊಮ್ಯಾಟೊ ಬೀಜದ ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದವು. ನಮಗಾಗಿ ಸುತ್ತಲ ಊರುಗಳ ರೈತರು ಹೈಬ್ರಿಡ್ ಬೀಜ ಬೆಳೆದು ಕೊಡುತ್ತಾರೆ. ಅದರ ನಾಜೂಕು ಕೆಲಸವೆಲ್ಲ ಹೆಣ್ಣುಮಕ್ಕಳದು. ಸಂಜೆ ಮೊಗ್ಗು ಬಿಡಿಸಿ ಗಂಡುಭಾಗವನ್ನು ಚಿಮಟಿಗೆಯಿಂದ ಕೀಳುವುದು, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗ ಮುಟ್ಟಿಸುವುದು. ಇದಕ್ಕೆ ಅವರು ಕ್ರಾಸಿಂಗ್ ಎನ್ನುತ್ತಾರೆ. ಒಂದು ಮೊಗ್ಗು ಕಣ್ತಪ್ಪಿದರೂ ಬೇರೆ ಬೀಜ ಬೆರೆಯುತ್ತದೆ. ಅದಕ್ಕೇ ಪ್ರತಿ ರೈತರ ಬೀಜದ ಲಾಟಿನಿಂದ ನಾನೂರು ಗಿಡ ಬೆಳೆಸಿ, ಬೇರೆ ಗಿಡ ಎಷ್ಟಿವೆ ಎಂದು ಎಣಿಸಿ ಪುಸ್ತಕದಲ್ಲಿ ಬರೆಯುತ್ತೇವೆ. ಮಾಸ್ತರು ಅದನ್ನು ಕಂಪ್ಯೂಟರಿಗೆ ಏರಿಸಿ ಪುಸ್ತಕ ನನಗೆ ಮರಳಿಸುತ್ತಿದ್ದರು. ಕಂಪ್ಯೂಟರ್ ನೂರಕ್ಕೆ ಎಷ್ಟು ಶುದ್ಧ ಎಂದು ತೆಗೆದು ಕೊಡುತ್ತಿತ್ತು. ತೊಂಬತ್ತೆಂಟು ಬಂದರೆ ಪಾಸು, ಅದಕ್ಕೆ ಕಡಿಮೆಯಾದರೆ ಫೇಲು. ಪಟ್ಟಿಗೆ ನಾನು ಸಹಿ ಹಾಕಿದ ಮೇಲೆ ಆಯಾ ಊರಿನ ಹಾಲಿನ ಡೇರಿಯ ಗೋಡೆಗೆ ಅಂಟಿಸುತ್ತಿದ್ದರು.

ಕುಪ್ಪೇಲೂರಿನ ಪಟ್ಟಿಯಲ್ಲಿ ನೀಲವ್ವನ ಲಾಟ್ ಫೇಲಾಗಿತ್ತು. ತೊಂಬತ್ತೊಂದು.

ನೀಲವ್ವ ತನ್ನ ಓಣಿಗೆಲ್ಲ ಕ್ರಾಸಿಂಗ್ ಕಲಿಸಿದವಳು. ಯಾರ ಹೊಲದಲ್ಲಿ ಹೊಸದಾಗಿ ಶುರುಮಾಡಿದರೂ ಮೊದಲ ದಿನ ಅವಳನ್ನೇ ಕರೆಯುತ್ತಿದ್ದರು. ಪಟ್ಟಿ ಅಂಟಿಸಿದ ಮೂರನೇ ದಿನ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತಳು. ಚಹಾ ಬೇಡವೆಂದಳು.

"ನನ್ನ ಕೈ ತಪ್ಪಿಲ್ರಿ ಸಾಹೇಬ್ರ. ಈಗ ಹಾಲು ಹಾಕಾಕ ಹೋದ್ರ ಮಂದಿ ನನ್ನ ಕೈ ನೋಡ್ತಾರ. ನಿನ್ನಿ ಒಬ್ಬಾಕಿ ಅಂದ್ಳು, ಕಲಿಸಿದಾಕಿದ ಹಿಂಗಾದ್ರ ನಮ್ದೇನ್ ಗತಿ ಅಂತ."

ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ. "ಕಂಪ್ಯೂಟರ್ ಹೇಳೇತಿ ಯವ್ವ. ನಾ ಏನ್ ಮಾಡ್ಲಿ?"

ಅವಳು ಎದ್ದು ಹೋದ ಮೇಲೆ ಮಾಸ್ತರು ಆ ಕಡತ ತೆರೆದು ನೋಡಿದರು. ಪರದೆಯ ಮೇಲೆ ನೀಲವ್ವನ ಲಾಟ್ ತೊಂಬತ್ತೊಂಬತ್ತು ಇತ್ತು. ಅಚ್ಚಾದ ಪಟ್ಟಿಯಲ್ಲಿ ತೊಂಬತ್ತೊಂದು. ನಾನು ಟೈಪಿಂಗ್ ತಪ್ಪು ಎಂದುಬಿಟ್ಟೆ. ಮಾಸ್ತರ ಮುಖ ಕೆಂಪಗಾಯಿತು.

"ಟೈಪಿಂಗ್ ತಪ್ಪು? ನಂದು? ಹಾವೇರಿ ಕೋರ್ಟಿನ್ಯಾಗ ಹೋಗಿ ಕೇಳ್ರಿ ನನ್ನ ಹೆಸರು!"

ಮೂರು ದಿನ ಅವರು ಬೇರೆ ಕೆಲಸ ಮಾಡಲಿಲ್ಲ, ಲೇಬಲುಗಳು ಹಾಗೇ ಬಿದ್ದವು. ನೀಲವ್ವನ ಮೇಲಿನ ಕರುಣೆಗಲ್ಲ, ತಮ್ಮ ಬೆರಳಿನ ಮೇಲಿನ ಅಪವಾದಕ್ಕೆ. ನಾನು ಎರಡು ಸಲ ಗದರಿದೆ. ಕೇಳಿಸಿಕೊಳ್ಳಲೂ ಇಲ್ಲ. ಆ ಒಂದೇ ಲೆಕ್ಕವನ್ನು ಮೊದಲು ಒಂದನೇ ಕೋರಿನಲ್ಲಿ ಮಾತ್ರ ಓಡಿಸಿದರು, ಆಮೇಲೆ ಎರಡನೆಯದರಲ್ಲಿ, ಮೂರನೆಯದರಲ್ಲಿ. ಎಷ್ಟು ಸಲ ಓಡಿಸಿದರೂ ತೊಂಬತ್ತೊಂಬತ್ತೇ. ನಾಲ್ಕನೇ ಕೋರಿನಲ್ಲಿ ಮಾತ್ರ ಆಗೊಮ್ಮೆ ಈಗೊಮ್ಮೆ ತೊಂಬತ್ತೊಂದು ಬೀಳುತ್ತಿತ್ತು. ಪಟ್ಟಿ ಅಚ್ಚಾದ ದಿನ ಆ ಲೆಕ್ಕ ಆ ಕೋರಿನ ಪಾಲಿಗೆ ಹೋಗಿತ್ತು. ಉಳಿದ ಲಾಟುಗಳನ್ನೆಲ್ಲ ಮತ್ತೆ ತೆಗೆದು ನೋಡಿದರು, ಎಲ್ಲವೂ ಸರಿಯಾಗಿದ್ದವು. ಕೆಟ್ಟದ್ದು ಇವಳದೊಂದೇ.

ಮಾಸ್ತರು ನನ್ನ ಟೇಬಲ್ ಮುಂದೆ ಬಂದು ನಿಂತರು. "ಸಾಹೇಬ್ರ, ಕಂಪನಿಯವ್ರು ಆ ಕ್ವಾಣಿಗೆ ಸುಮ್ನ ಕೀಲಿ ಹಾಕಿದ್ದಿಲ್ರಿ" ಎಂದರು. ಇಂಥದೊಂದು ಮಾತು ಅವರ ಬಾಯಿಂದ ಬರಲಿ ಎಂದು ನಾನು ವರ್ಷಗಟ್ಟಲೆ ಕಾದಿದ್ದೆ. ಬಂತಲ್ಲ, ಸರಿಯಾಗಿ ಅರ್ಧ ತಾಸು ಬೈದೆ. ಕೂಲರಿನಿಂದ ಹಿಡಿದು ಬ್ಯಾಡಗಿಯವರೆಗೆ ಎಲ್ಲವನ್ನೂ ಎಳೆದು ತಂದು ಬೈದೆ. ತಲೆ ತಗ್ಗಿಸಿ ಕೇಳಿದರು.

ಮಾಲಕರು ಹೊಸ ಪತ್ರ ಕೊಟ್ಟು ಮುಗಿಸಿರಿ ಎಂದರು. ಮರುಪರೀಕ್ಷೆಯಲ್ಲಿ ಲಾಟ್ ಪಾಸಾಗಿದೆ ಎಂದು ಬರೆದು ಕಳಿಸಿದೆ. ನೀಲವ್ವ ಅದನ್ನು ತಾನೇ ವಾಪಸ್ ತಂದು ಟೇಬಲ್ ಮೇಲಿಟ್ಟಳು.

"ಮರುಪರೀಕ್ಷೆ ಅಂತ ಯಾಕ ಬರದೀರಿ? ಸಾಹೇಬ್ರ ಕಾಲ್ ಹಿಡದು ಪಾಸ್ ಮಾಡಿಸ್ಕೊಂಡ್ಳು ಅಂತಾರ ಮಂದಿ. ಮೊದಲ್ನೇದು ತಪ್ಪು ಅಂತ ಹೇಳ್ರಿ. ಡೇರಿ ಗ್ವಾಡಿಗೆ ಹಚ್ಚೀರಲ್ಲ, ಅಲ್ಲೇ ಬಂದು ಹೇಳ್ರಿ."

ಫೋನಿನಲ್ಲಿ ಹೇಳಿದರೆ ಆಗದೇ ಎಂದು ನಾನು ಯೋಚಿಸುತ್ತಿರುವಾಗಲೇ ಮೂಲೆಯಿಂದ ಮಾಸ್ತರು, "ಬರ್ತೇವಿ ಯವ್ವ. ಮಷೀನ್ ತಗೊಂಡ ಬರ್ತೇವಿ" ಎಂದರು.

"ಮಷೀನ್ ಯಾಕ್ರಿ?"

"ನಮ್ಮ ಮಾತು ಯಾರು ನಂಬ್ತಾರ್ರಿ? ಅದು ತಪ್ಪು ಹೇಳೂದನ್ನ ಮಂದಿ ಕಣ್ಣಾರೆ ನೋಡ್ಲಿ."

ಹೀಗೆ ಒಂದು ಬೆಳಿಗ್ಗೆ ಕುಪ್ಪೇಲೂರಿನ ಬಸ್ಸಿನಲ್ಲಿ ಮಾಸ್ತರ ತೊಡೆಯ ಮೇಲೆ ಸಿಪಿಯು, ನನ್ನ ತೊಡೆಯ ಮೇಲೆ ಮಾನಿಟರು. ಇದಕ್ಕೂ ಲಗೇಜ್ ಟಿಕೆಟ್ ಆಗಬೇಕು ಎಂದು ಕಂಡಕ್ಟರ್ ಜಗಳಕ್ಕೆ ನಿಂತ. ಬಿ.ಕಾಂ. ಮಾಡಿಕೊಂಡು, ಇಷ್ಟು ವರ್ಷ ಮ್ಯಾನೇಜರ್ ಎನ್ನಿಸಿಕೊಂಡು, ಕೊನೆಗೆ ನನ್ನ ಕಂಪ್ಯೂಟರ್ ತಪ್ಪು ಮಾಡುತ್ತದೆ ಬನ್ನಿ ನೋಡಿ ಎಂದು ಹೊತ್ತುಕೊಂಡು ತಿರುಗುವ ಕಾಲ ಬಂತಲ್ಲ ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ಡೇರಿಯಲ್ಲಿ ಫ್ಯಾಟ್ ನೋಡುವ ಮಷೀನಿನ ಪ್ಲಗ್ ಕಿತ್ತು ನಮ್ಮದನ್ನು ಹಚ್ಚಿದರು. ಹಾಲು ಹಾಕಿದ ಹೆಂಗಸರು ಕ್ಯಾನು ಕೆಳಗಿಟ್ಟು ನಿಂತರು. ಗಂಡಸರೂ ಬಂದರು. ನೀಲವ್ವ ಕಂಬಕ್ಕೆ ಒರಗಿ ನಿಂತಳು. ಮಾಸ್ತರು ಕ್ಲಾಸಿನಲ್ಲಿ ಹೇಳುವ ಹಾಗೆ ಗಟ್ಟಿಯಾಗಿ, "ನಾನೂರು ಗಿಡ! ಅದರಾಗ ಬ್ಯಾರೆ ನಾಕು!" ಎಂದು ಒತ್ತಿದರು. ತೊಂಬತ್ತೊಂಬತ್ತು ಬಂತು. ಮತ್ತೆ ಒತ್ತಿದರು. ತೊಂಬತ್ತೊಂಬತ್ತು. ಹತ್ತು ಸಲ, ಇಪ್ಪತ್ತು ಸಲ, ಮೂವತ್ತು ಸಲ. ಹಾಳಾದ ನಾಲ್ಕನೇ ಕೋರು ಬೆಳಗಿನ ತಂಪಿನಲ್ಲಿ ಒಂದು ಸಲವೂ ತಪ್ಪಲಿಲ್ಲ.

"ಮಷೀನ್ ಬರೋಬ್ಬರಿ ಹೇಳಾಕತ್ತೇತಲ್ರಿ" ಎಂದ ಒಬ್ಬ. "ಹಂಗಾರ ತಪ್ಪು ಹೇಳಿದವ್ರು ಯಾರು?"

ಎಲ್ಲರೂ ನನ್ನ ಕಡೆ ನೋಡಿದರು. ಜನ್ಮದಲ್ಲೆಲ್ಲ ಮಷೀನು ಇನ್ನಷ್ಟು ಓಡಲಿ, ಓಡಲಿ ಎಂದ ಮನುಷ್ಯ ಈಗ ಒಂದೇ ಒಂದು ಸಲ ಎಡವು ಮಾರಾಯ ಎಂದು ಅದನ್ನು ಬೇಡಿಕೊಳ್ಳುತ್ತಿದ್ದರು. ಬಿಸಿಯೇರಿದರೆ ತಪ್ಪೀತೆಂದು ಒಳಗಿನ ಫ್ಯಾನಿನ ವೈರು ಕಿತ್ತರು. ಸಾಲಲಿಲ್ಲ.

"ಯಾರ ಮನ್ಯಾಗರ ದಪ್ಪನ ಕೌದಿ ಐತೇನ್ರಿ?"

ಒಬ್ಬ ಮುದುಕಿ ಮನೆಗೆ ಹೋಗಿ ತಂದುಕೊಟ್ಟಳು. ಜ್ವರ ಬಂದವರಿಗೆ ಹೊದಿಸುವ ಹಾಗೆ ಕಂಪ್ಯೂಟರಿಗೆ ಕೌದಿ ಹೊದಿಸಿ, ಒಳಗೆ ಕೈ ತೂರಿಸಿ ಬಿಸಿ ನೋಡುತ್ತ, ಮಾಸ್ತರು ಒತ್ತುತ್ತಲೇ ಹೋದರು. "ನಾನೂರು! ಅದರಾಗ ನಾಕು! ನಾನೂರು! ಅದರಾಗ ನಾಕು!" ಹೀಗೆ ಒಂದು ತಾಸು. ಕೆಲವರು ಮನೆಗೆ ಹೋಗಿ ನಾಷ್ಟಾ ಮಾಡಿ ಬಂದರು. ನಾನು ಮಾನಿಟರಿನ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದೆ. ಕಡೆಗೂ ತೊಂಬತ್ತೊಂದು ಬಿತ್ತು.

"ತಪ್ಪಾತು! ತಪ್ಪಾತು ನೋಡ್ರಿ!" ಎಂದು ಮಾಸ್ತರು ಕುಣಿದೇಬಿಟ್ಟರು. ಹೆಂಗಸರು ನಕ್ಕರು. ಯಾರೋ ಶಿಳ್ಳೆ ಹೊಡೆದರು. "ಮಷೀನಿಂದ ತಪ್ಪು, ನೀಲವ್ವಂದಲ್ಲ" ಎಂದು ಡೇರಿಯ ಸೆಕ್ರೆಟರಿ ಎಲ್ಲರಿಗೂ ಕೇಳುವಂತೆ ಹೇಳಿ, ಗೋಡೆಯ ಮೇಲಿನ ಪಟ್ಟಿಯನ್ನು ಹರಿದು ಹಾಕಿದ. ಮುದುಕಿ ತನ್ನ ಕೌದಿ ಕೇಳಿದಳು.

ನೀಲವ್ವ ಪರದೆಯ ಕಡೆ ತಿರುಗಿಯೂ ನೋಡಿರಲಿಲ್ಲ. ನನ್ನ ಹತ್ತಿರ ಬಂದು ನಿಂತಳು.

"ಸಾಹೇಬ್ರ, ಮುಂಜಾನಿಂದ ಮಾಸ್ತರು ನಾನೂರರಾಗ ನಾಕು ಅಂತ ಒದರಾಕತ್ತಾರ. ಅಂದ್ರ ನೂರಕ್ಕ ಒಂದು. ನಾ ನಾಕನೇ ಇಯತ್ತೆ ಸಾಲಿ ಕಲತಾಕಿ, ನನಗ ಗೊತ್ತಾತು. ಗಿಡ ಎಣಿಸಿ ಬರದ ಪುಸ್ತಕ ಇರತೈತಲ್ರಿ, ಅದು ಎಲ್ಲಿತ್ತು? ನಾ ಬಂದು ನಿಮ್ಮ ಮುಂದ ಕುಂತಾಗ ಅದನ್ನ ಯಾರೂ ತಗದು ನೋಡ್ಲಿಲ್ಲೇನ್ರಿ?"

ಪುಸ್ತಕದೊಂದಿಗೆ ತಾಳೆ ನೋಡಿ ಸಹಿ ಮಾಡುವುದೇ ನನ್ನ ಕೆಲಸವಾಗಿತ್ತು. ಎಷ್ಟೋ ಹಂಗಾಮಿನಿಂದ ನಾನು ತಾಳೆ ನೋಡುವುದನ್ನು ಬಿಟ್ಟಿದ್ದೆ. ಅವಳು ನನ್ನ ಎದುರು ಕೂತು ನನ್ನ ಕೈ ತಪ್ಪಿಲ್ಲ ಎಂದು ಹೇಳುವಾಗ ಆ ಪುಸ್ತಕ ನನ್ನ ಡ್ರಾದೊಳಗೇ ಇತ್ತು, ಅವಳಿಂದ ಒಂದು ಮೊಳ ದೂರದಲ್ಲಿ. ಡ್ರಾದ ಕೀಲಿ ನನ್ನ ಪ್ಯಾಂಟಿನ ಕಿಸೆಯಲ್ಲಿತ್ತು. ಅಲ್ಲಿ ಡೇರಿಯಲ್ಲಿ ನಿಂತಾಗಲೂ ಇತ್ತು.

ನಾನು ಬಾಯಿ ತೆರೆಯುವ ಮೊದಲೇ ಮಾಸ್ತರು ವೈರು ಸುತ್ತುತ್ತಿದ್ದವರು ತಲೆ ಎತ್ತಿದರು. "ಪುಸ್ತಕ ನನ್ನ ಹಂತ್ಯಾಕ ಇತ್ತು ಯವ್ವ. ಸಾಹೇಬ್ರಿಗೆ ನಾನ ಕೊಟ್ಟಿದ್ದಿಲ್ಲ. ತಪ್ಪು ನಂದು."

ಒಂದು ಅಕ್ಷರದ ತಪ್ಪನ್ನೂ ತನ್ನದೆಂದು ಒಪ್ಪದ ಮನುಷ್ಯ. ನಾನು ಮಾನಿಟರ್ ಎತ್ತಿಕೊಂಡು ಬಸ್ಸಿನ ಕಡೆ ನಡೆದೆ.

ಬಸ್ಸಿನಲ್ಲಿ ಅವರ ಮೇಲೆ ಹರಿಹಾಯ್ದೆ. ಸುಳ್ಳು ಯಾಕೆ ಹೇಳಿದಿರಿ, ಹೇಳಿರೆಂದು ನಿಮ್ಮನ್ನು ಕೇಳಿದವರು ಯಾರು ಎಂದೆ. ಅವರು ತೊಡೆಯ ಮೇಲಿನ ಸಿಪಿಯು ಮುಟ್ಟಿ ಬಿಸಿ ಇಳಿದಿದೆಯೋ ಎಂದು ನೋಡುತ್ತಿದ್ದರು. "ಮುಂದಿನ ಪಟ್ಟಿಗೂ ನಿಮ್ಮ ಸಹಿನ ಬೀಳಬೇಕಲ್ರಿ. ಮಂದಿ ಅದನ್ನ ನಂಬಬೇಕು. ನನ್ನ ಮಾತಿಗೇನ್ರಿ, ಹೆಂಗೂ ನಗತಾರ" ಎಂದರು. ಆಮೇಲೆ, ಮೂರು ಕೋರನ್ನೇ ಇಟ್ಟುಕೊಂಡರೂ ವೇಗವನ್ನು ಇನ್ನೊಂದಿಷ್ಟು ಏರಿಸಬಹುದು ಎಂದು ಶುರುಮಾಡಿದರು. ಇಂಥವರ ಜೊತೆ ಏನು ಮಾತಾಡುವುದು? ಕಿಟಕಿಯ ಕಡೆ ತಿರುಗಿ ಕೂತೆ.

ಇದಾಗಿ ಎರಡು ವರ್ಷ. ಈಗ ಪ್ರತಿ ಪಟ್ಟಿಯನ್ನೂ ಪುಸ್ತಕ ಮುಂದಿಟ್ಟುಕೊಂಡು ಕೈಯಲ್ಲೇ ಲೆಕ್ಕ ಮಾಡಿ ಸಹಿ ಹಾಕುತ್ತೇನೆ. ಆದರೆ ಡೇರಿಯಲ್ಲಿ ಆಡಿದ ಆ ಸುಳ್ಳನ್ನು ಸರಿಪಡಿಸಲು ನಾನು ಕುಪ್ಪೇಲೂರಿಗೆ ಹೋಗಲಿಲ್ಲ. ಮೊದಲು ಮಾಸ್ತರ ಮೇಲಿನ ಸಿಟ್ಟಿಗೆ ಹೋಗಲಿಲ್ಲ, ಆಮೇಲೆ ಹೋಗದೆ ಇರುವುದೇ ರೂಢಿಯಾಯಿತು.

ಮೊನ್ನೆ ಈ ಹಂಗಾಮಿಗೆ ಬಿತ್ತುವ ಬೀಜ ಒಯ್ಯಲು ನೀಲವ್ವ ಬಂದಿದ್ದಳು. ಮಾಸ್ತರು ಎಲ್ಲಿ ಎಂದು ಕೇಳಿದಳು. ತೀರಿಕೊಂಡರು ಎಂದೆ. ಮೂಲೆಯ ಸಿಪಿಯು ಕಡೆ ತಿರುಗಿ ನೋಡಿದಳು.

"ಹುಚ್ಚ ಇದ್ರೂ ದೊಡ್ಡ ಮನಷ್ಯಾರೀ" ಎಂದಳು. "ಅಷ್ಟು ಮಂದ್ಯಾಗ ನಿಂತು ತಪ್ಪು ನಂದು ಅಂತ ಯಾರ್ ಒಪ್ಪತಾರ?"

ಹೌದು ಎಂದೆ. ಅಷ್ಟೇ ಅಂದೆ. ಬೀಜದ ಪೊಟ್ಟಣ ಎಣಿಸಿ ಕೊಟ್ಟೆ, ಅವಳು ಬಸ್ಸಿಗೆ ಹೊತ್ತಾಯಿತು ಎಂದು ಹೋದಳು.

ಯವ್ವ ನೀಲವ್ವ, ಪುಸ್ತಕ ನನ್ನ ಹಂತ್ಯಾಕಿತ್ತು.